ಹೆಸರಿಲ್ಲದ ರೆಕಾರ್ಡು, ಗಿಜಿಗುಡುವ ಕೌಂಟರು: ರೆಗೇ ಅಂಗಡಿಗಳು ನಡೆಯುತ್ತಿದ್ದ ಬಗೆ

ಎಪ್ಪತ್ತರ ದಶಕದ ಲಂಡನ್ನಿನಲ್ಲಿ ಶನಿವಾರ ಮಧ್ಯಾಹ್ನ ಒಂದು ಒಳ್ಳೆಯ ರೆಗೇ ರೆಕಾರ್ಡ್ ಅಂಗಡಿಗೆ ಹೋದರೆ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಕೌಂಟರಿನ ಹಿಂದೆ ನಿಂತವನ ಪಕ್ಕ ಒಂದು ಟರ್ನ್‌ಟೇಬಲ್. ಗೋಡೆಯ ಮೇಲೆ ಅಂಗಡಿಯ ಅಳತೆಗೆ ಮೀರಿದ ಸ್ಪೀಕರ್. ರೆಗೇ ಹುಟ್ಟಿದ ಕೆರಿಬಿಯನ್ ದ್ವೀಪ ಜಮೈಕಾದಿಂದ ವಿಮಾನದಲ್ಲಿ ಬಂದ ಪೆಟ್ಟಿಗೆ ಬಿಚ್ಚಿ ಅವನು ಏಳು ಇಂಚಿನ ರೆಕಾರ್ಡುಗಳನ್ನು ಒಂದೊಂದಾಗಿ ಹಾಕುತ್ತಿದ್ದ. ಪೂರ್ತಿ ಹಾಡು ಕೇಳಿಸುತ್ತಿರಲಿಲ್ಲ. ಸ್ವಲ್ಪ ಓಡಿಸಿ, ಮುಳ್ಳು ಎತ್ತಿ, ಮುಂದಿನದು. ಬೇಕಾದವರು ಆಗಲೇ ಕೈ ಎತ್ತಬೇಕು. ಯೋಚನೆ ಮಾಡುತ್ತಾ ನಿಂತರೆ ಮುಗಿಯಿತು, ಇದ್ದಷ್ಟು ಪ್ರತಿಗಳು ಪಕ್ಕದವರ ಪಾಲು.

ಇದರಲ್ಲಿ ವಿಚಿತ್ರ ಏನೆಂದರೆ, ಎಷ್ಟೋ ರೆಕಾರ್ಡುಗಳ ಮೇಲೆ ಹೆಸರೇ ಇರುತ್ತಿರಲಿಲ್ಲ. ನಡುವಿನ ಕಾಗದ ಬರೀ ಖಾಲಿ. ಹಾಡಿದವರು ಯಾರು, ಹಾಡು ಯಾವುದು, ಕಂಪನಿ ಯಾವುದು, ಒಂದೂ ಇಲ್ಲ. ಆದರೂ ಮಾಮೂಲಿ ರೆಕಾರ್ಡಿಗಿಂತ ಜಾಸ್ತಿ ದುಡ್ಡು ಕೊಟ್ಟು ಜನ ಒಯ್ಯುತ್ತಿದ್ದರು.

ಹೆಸರಿಲ್ಲದ ಸರಕಿಗೆ ಅಷ್ಟು ಬೆಲೆ ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ರೆಗೇ ಅನ್ನುವ ಸಂಗೀತ ಆ ರೂಪಕ್ಕೆ ಯಾಕೆ ಬಂತು ಅನ್ನುವುದೂ ತಿಳಿಯುತ್ತದೆ. ನಮ್ಮಲ್ಲಿ ರೆಗೇ ಅಂದರೆ ಬಾಬ್ ಮಾರ್ಲಿ, ಜಡೆಗಟ್ಟಿದ ಕೂದಲು, ಹಾಸ್ಟೆಲ್ ಗೋಡೆಯ ಪೋಸ್ಟರು, ಅಷ್ಟಕ್ಕೇ ನಿಲ್ಲುತ್ತದೆ. ವೇದಿಕೆ ಹತ್ತಿದ ಹಾಡುಗಾರರು ನಮಗೆ ಕಂಡರು. ರಾತ್ರಿ ಸ್ಪೀಕರ್ ಕಟ್ಟಿ ಕುಣಿಸುತ್ತಿದ್ದವರು, ಹಗಲು ರೆಕಾರ್ಡ್ ಮಾರುತ್ತಿದ್ದವರು ಕಾಣಲಿಲ್ಲ. ಎಷ್ಟೋ ಸಲ ಆ ಇಬ್ಬರೂ ಒಬ್ಬನೇ ಮನುಷ್ಯ.

ಗಿರಾಕಿ ಕರೆಯಲು ಇಟ್ಟ ಸ್ಪೀಕರು

ಕಥೆ ಶುರುವಾಗುವುದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ, ಎರಡನೇ ಮಹಾಯುದ್ಧ ಮುಗಿದ ಮೇಲೆ. ಹೆಡ್ಲಿ ಜೋನ್ಸ್ ಅನ್ನುವವರು ಬ್ರಿಟಿಷ್ ವಾಯುಪಡೆಯಲ್ಲಿ ರೇಡಾರ್ ಕೆಲಸ ಕಲಿತು ಊರಿಗೆ ಮರಳಿದ್ದರು. ರೇಡಿಯೋ ರಿಪೇರಿಯ ಜೊತೆಗೆ ರೆಕಾರ್ಡ್ ಮಾರುವ ಅಂಗಡಿ ಇಟ್ಟರು. ಗಿರಾಕಿಗಳನ್ನು ಕರೆಯಲು ತಾವೇ ಒಂದು ಜೋರು ಆಂಪ್ಲಿಫೈಯರ್ ಕಟ್ಟಿ ಹಾಡು ಹಾಕತೊಡಗಿದರು. ಬೇಸ್ ದನಿ ಬೇರೆ, ಮೇಲಿನ ದನಿ ಬೇರೆಯಾಗಿ ಸ್ಪಷ್ಟವಾಗಿ ಕೇಳುವಂಥ ಯಂತ್ರ ಅದು. ಟಾಮ್ ವಾಂಗ್ ಅನ್ನುವ ಹಾರ್ಡ್‌ವೇರ್ ವ್ಯಾಪಾರಿ ಅದನ್ನು ಕೇಳಿ, ನನಗೂ ಒಂದು ಮಾಡಿಕೊಡಿ ಅಂದರು. ಅವರೇ ಮುಂದೆ ‘ಟಾಮ್ ದ ಗ್ರೇಟ್ ಸೆಬಾಸ್ಟಿಯನ್’ ಅನ್ನುವ ಹೆಸರಿನಲ್ಲಿ ಕಿಂಗ್‌ಸ್ಟನ್ನಿನ ಮೊದಲ ದೊಡ್ಡ ಸೌಂಡ್ ಸಿಸ್ಟಮ್ ನಡೆಸಿದರು. ಅಂದರೆ ಸೌಂಡ್ ಸಿಸ್ಟಮ್ಮಿನ ಬೇರು ಒಂದು ರೆಕಾರ್ಡ್ ಅಂಗಡಿಯ ಬಾಗಿಲಲ್ಲೇ ಇದೆ.

ಸೌಂಡ್ ಸಿಸ್ಟಮ್ ಅಂದರೆ ನಮ್ಮ ಜಾತ್ರೆ, ಮದುವೆಗಳ ಮೈಕ್‌ಸೆಟ್ಟಿನ ಹಾಗೇ ಅಂದುಕೊಳ್ಳಿ. ಆಂಪ್ಲಿಫೈಯರ್, ಟರ್ನ್‌ಟೇಬಲ್, ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳು, ಇವನ್ನು ಲಾರಿಯಲ್ಲಿ ಹಾಕಿಕೊಂಡು ಹೋಗಿ ಬಯಲಲ್ಲಿ ಕಟ್ಟುವುದು. ಒಂದೇ ವ್ಯತ್ಯಾಸ. ಮೈಕ್‌ಸೆಟ್ಟಿನವನನ್ನು ಸಮಾರಂಭದವರು ಕರೆಸುತ್ತಾರೆ. ಇಲ್ಲಿ ಸೌಂಡ್ ಸಿಸ್ಟಮ್ಮೇ ಸಮಾರಂಭ. ಬಾಗಿಲಲ್ಲಿ ಟಿಕೆಟ್, ಒಳಗೆ ಬಿಯರ್, ರಮ್. ಲಾಭ ಬರುತ್ತಿದ್ದದ್ದು ಕುಡಿತದಿಂದ. ಅದಕ್ಕೇ ಈ ವ್ಯವಹಾರಕ್ಕೆ ಕೈಹಾಕಿದವರಲ್ಲಿ ಅಂಗಡಿಕಾರರು ಜಾಸ್ತಿ. ಡ್ಯೂಕ್ ರೀಡ್ ಮೊದಲು ಪೊಲೀಸ್ ಆಗಿದ್ದವರು. ಆಮೇಲೆ ಟ್ರೆಷರ್ ಐಲ್ ಅನ್ನುವ ಮದ್ಯದಂಗಡಿ ಇಟ್ಟು, ಅದರ ಜೊತೆಗೆ ಸೌಂಡ್ ಸಿಸ್ಟಮ್ ಕಟ್ಟಿದರು. ಮುಂದೆ ಅಂಗಡಿಯ ಮಹಡಿಯ ಮೇಲೇ ಸ್ಟುಡಿಯೋ ಬಂತು. ಕೆಳಗೆ ರಮ್, ಮೇಲೆ ಹಾಡು.

ಆಗ ಹಾಕುತ್ತಿದ್ದದ್ದು ಅಮೆರಿಕದ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್. ಯಾರ ಹತ್ತಿರ ಬೇರೆಯವರ ಬಳಿ ಇಲ್ಲದ ರೆಕಾರ್ಡ್ ಇದೆಯೋ ಜನ ಅವನ ಕಡೆಗೆ. ಡ್ಯೂಕ್ ರೀಡ್‌ಗೆ ಎದುರಾಳಿಯಾಗಿದ್ದ ಕಾಕ್ಸನ್ ಡಾಡ್ ಅಮೆರಿಕಕ್ಕೆ ಕೂಲಿ ಕೆಲಸಕ್ಕೆ ಹೋದಾಗ ರೆಕಾರ್ಡ್ ಆರಿಸಿಕೊಂಡು ಬರುತ್ತಿದ್ದರು. ಬಂದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ, ಲೇಬಲ್ ಕೆರೆದು ಹಾಕುವುದು. ಎದುರಾಳಿಯ ಕಡೆಯವರು ಬಂದು ಇಣುಕಿದರೂ ಹಾಡಿನ ಹೆಸರು ಸಿಗಬಾರದು ನೋಡಿ.

ವಿಲ್ಲಿಸ್ ಜ್ಯಾಕ್ಸನ್ ಅನ್ನುವ ಸ್ಯಾಕ್ಸೊಫೋನ್ ವಾದಕರ ಒಂದು ಟ್ಯೂನಿಗೆ ಡಾಡ್ ‘ಕಾಕ್ಸನ್ ಹಾಪ್’ ಅಂತ ತಾವೇ ಹೆಸರಿಟ್ಟಿದ್ದರು. ಬಹಳ ಕಾಲ ಅದು ಅವರೊಬ್ಬರದೇ ಆಸ್ತಿ. ಹುಡುಕಿ ಹುಡುಕಿ ಡ್ಯೂಕ್ ರೀಡ್ ಕಡೆಗೂ ಅದರ ನಿಜವಾದ ಹೆಸರು ಪತ್ತೆ ಮಾಡಿದರು. ಒಂದು ರಾತ್ರಿ ಡಾಡ್ ಎದುರಿಗೇ ಅದನ್ನು ಹಾಕಿಸಿದರು. ಡಾಡ್ ಅಲ್ಲೇ ಕುಸಿದು ಹೋದರಂತೆ. ಈ ಕಥೆಯನ್ನು ಆಗ ಡಾಡ್ ಜೊತೆಗಿದ್ದ, ಆಮೇಲೆ ತಾವೇ ದೊಡ್ಡ ಹೆಸರಾದ ಪ್ರಿನ್ಸ್ ಬಸ್ಟರ್ ಹೇಳಿಕೊಂಡು ಬಂದಿದ್ದಾರೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಒಂದು ಹಾಡಿನ ಗುಟ್ಟು ರಟ್ಟಾದರೆ ವ್ಯಾಪಾರವೇ ಅಲುಗಾಡುತ್ತಿತ್ತು ಅನ್ನುವುದಂತೂ ನಿಜ.

ಐವತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ರುಚಿ ಬದಲಾಯಿತು. ರಾಕ್ ಅಂಡ್ ರೋಲ್ ಬಂತು, ಕಿಂಗ್‌ಸ್ಟನ್ನಿನವರಿಗೆ ಬೇಕಾದಂಥ ರೆಕಾರ್ಡ್ ಸಿಗುವುದು ಕಮ್ಮಿಯಾಯಿತು. ಹಾಗಾದರೆ ನಾವೇ ಮಾಡಿಕೊಳ್ಳೋಣ ಅಂತ ಡಾಡ್, ರೀಡ್ ಇಬ್ಬರೂ ಊರಿನ ವಾದ್ಯದವರನ್ನು ಕರೆಸಿ ರೆಕಾರ್ಡ್ ಮಾಡಿಸಿದರು. ಮಾರುವುದಕ್ಕಲ್ಲ, ತಮ್ಮ ಸೌಂಡ್ ಸಿಸ್ಟಮ್ಮಿನಲ್ಲಿ ಹಾಕುವುದಕ್ಕೆ. ಒಂದೇ ಒಂದು ಪ್ರತಿ. ಅದನ್ನು ಕೇಳಿದ ಜನ, ಇದು ಎಲ್ಲಿ ಸಿಗುತ್ತದೆ ಅಂತ ಕೇಳಲು ಶುರು ಮಾಡಿದಾಗಲೇ ಇದನ್ನು ಮಾರಬಹುದು ಅನ್ನುವುದು ಹೊಳೆದದ್ದು. ಜಮೈಕಾದ ರೆಕಾರ್ಡ್ ಉದ್ಯಮ ಹುಟ್ಟಿದ್ದು ಹೀಗೆ, ತಲೆಕೆಳಗಾಗಿ. ಬೇರೆ ಕಡೆ ರೆಕಾರ್ಡ್ ಬಿಡುಗಡೆಯಾದ ಮೇಲೆ ಡಿಜೆ ಹಾಕುತ್ತಾನೆ. ಇಲ್ಲಿ ಡಿಜೆ ಹಾಕಿ ಹಾಕಿ, ಜನ ಒಪ್ಪಿದ ಮೇಲೆ ಬಿಡುಗಡೆ.

ಕಿಂಗ್‌ಸ್ಟನ್ನಿನ ಆರೆಂಜ್ ಸ್ಟ್ರೀಟಿನಲ್ಲಿ ಮತ್ತು ಅದರ ಸುತ್ತ ಅಂಗಡಿಗಳು ಒಂದರ ಪಕ್ಕ ಒಂದು ಎದ್ದವು. ಪ್ರಿನ್ಸ್ ಬಸ್ಟರ್ ಅಲ್ಲೇ ಅಂಗಡಿ ಇಟ್ಟರು. ಲೆಸ್ಲಿ ಕಾಂಗ್ ಅವರ ಬೆವರ್ಲೀಸ್‌ನಲ್ಲಿ ಐಸ್‌ಕ್ರೀಮೂ ಸಿಗುತ್ತಿತ್ತು, ರೆಕಾರ್ಡೂ ಸಿಗುತ್ತಿತ್ತು. ಬಾಬ್ ಮಾರ್ಲಿಯ ಮೊದಲ ರೆಕಾರ್ಡ್ ಬಂದದ್ದು 1962ರಲ್ಲಿ, ಕಾಂಗ್ ಅವರ ಮೂಲಕವೇ. ಹತ್ತಿರದ ನಾರ್ತ್ ಪರೇಡ್‌ನಲ್ಲಿ ರ‍್ಯಾಂಡೀಸ್. ಅದನ್ನು ಶುರು ಮಾಡಿದ ವಿನ್ಸೆಂಟ್ ಚಿನ್ ಮೊದಲು, ಕಾಸು ಹಾಕಿದರೆ ಹಾಡುವ ಯಂತ್ರವಾದ ಜೂಕ್‌ಬಾಕ್ಸ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಹಳೆಯದಾಗಿ ಜೂಕ್‌ಬಾಕ್ಸಿನಿಂದ ತೆಗೆದ ರೆಕಾರ್ಡುಗಳನ್ನೇ ಕೊಂಡು ಮಾರುತ್ತಾ ಅಂಗಡಿ ಮಾಡಿದರು. ಹೆಂಡತಿ ಪೆಟ್ರೀಷಿಯಾ ಕೌಂಟರಿನಲ್ಲಿ. ಮುಂದೆ ಮಹಡಿಯಲ್ಲಿ ಸ್ಟುಡಿಯೋ. ಬಸ್ಸುಗಳು ಬಂದು ನಿಲ್ಲುವ ಜಾಗ ಅದು. ಹಳ್ಳಿಯಿಂದ ಬಂದವರೂ ಇಳಿದ ಕೂಡಲೇ ಹೊಸ ಹಾಡು ಕೇಳುತ್ತಿದ್ದರು.

ಮೇಲಿನ ಹೆಸರುಗಳಲ್ಲಿ ವಾಂಗ್, ಕಾಂಗ್, ಚಿನ್ ಇರುವುದನ್ನು ಗಮನಿಸಿದಿರಾ? ಇವರು ಜಮೈಕಾದ ಚೀನೀ ಮನೆತನದವರು. ಆ ದ್ವೀಪದ ಚಿಲ್ಲರೆ ವ್ಯಾಪಾರದಲ್ಲಿ ಆ ಸಮುದಾಯದವರು ತುಂಬಾ ಇದ್ದರು. ಅಂಗಡಿ ನಡೆಸಲು ಗೊತ್ತಿದ್ದವರ ಕೈಗೆ ಸಂಗೀತವೂ ಬಂತು.

ಮರೆವಿನಿಂದ ಬಂದ ‘ವರ್ಶನ್’

ಇಲ್ಲಿ ಒಂದು ಗೊಂದಲ ಬಿಡಿಸಿಕೊಂಡು ಮುಂದೆ ಹೋಗೋಣ. ನಾವು ಡಿಜೆ ಅಂದರೆ ರೆಕಾರ್ಡ್ ಹಾಕುವವನು. ಜಮೈಕಾದಲ್ಲಿ ರೆಕಾರ್ಡ್ ಹಾಕುವವನು ಸೆಲೆಕ್ಟರ್. ಮೈಕ್ ಹಿಡಿದು ಹಾಡಿನ ಮೇಲೆ ಮಾತು ಪೋಣಿಸುವವನು ಡೀಜೆ. ಯಂತ್ರ ನೋಡಿಕೊಳ್ಳುವವನು, ಪೆಟ್ಟಿಗೆ ಹೊರುವವರು, ತಂತಿ ಎಳೆಯುವವರು ಬೇರೆ. ಎಷ್ಟೋ ಸೌಂಡ್ ಸಿಸ್ಟಮ್ಮುಗಳಲ್ಲಿ ಟರ್ನ್‌ಟೇಬಲ್ ಒಂದೇ. ರೆಕಾರ್ಡ್ ಬದಲಿಸುವ ಹೊತ್ತಿಗೆ ಸದ್ದು ನಿಲ್ಲುತ್ತಿತ್ತು. ಆ ಖಾಲಿ ತುಂಬಲು ಮೈಕಿನವನು ಬೇಕೇ ಬೇಕು. ಕೌಂಟ್ ಮಚುಕಿ, ಕಿಂಗ್ ಸ್ಟಿಟ್ ಮುಂತಾದವರು ಹೀಗೆ ತಮಾಷೆ, ಪ್ರಾಸ, ಕೂಗು ಸೇರಿಸಿ ಹೆಸರಾದರು.

ಆಮೇಲೆ ಒಂದು ಘಟನೆ. ಅರವತ್ತರ ದಶಕದ ಕೊನೆಯ ಹೊತ್ತು. ಸ್ಪ್ಯಾನಿಶ್ ಟೌನ್ ಅನ್ನುವ ಊರಿನಲ್ಲಿ ರಡಿ ರೆಡ್‌ವುಡ್ ಅಂತ ಒಬ್ಬರು ಸೌಂಡ್ ಸಿಸ್ಟಮ್ ನಡೆಸುತ್ತಿದ್ದರು. ಡ್ಯೂಕ್ ರೀಡ್ ಸ್ಟುಡಿಯೋದಲ್ಲಿ ಅವರಿಗೆ ಒಂದು ಪ್ರತಿ ಕೊರೆದು ಕೊಡುವಾಗ, ಹಾಡುಗಾರರ ದನಿ ಇರುವ ಟ್ರ್ಯಾಕ್ ಸೇರಿಸುವುದು ಬಿಟ್ಟುಹೋಯಿತು. ಬರೀ ಡ್ರಮ್, ಬೇಸ್, ಗಿಟಾರ್. ರೆಡ್‌ವುಡ್ ಅದನ್ನೇ ಒಯ್ದು ರಾತ್ರಿ ಹಾಕಿದರು. ಮೊದಲು ಹಾಡು ಇರುವುದು, ಹಿಂದೆಯೇ ಹಾಡಿಲ್ಲದ್ದು. ಜನ ತಾವೇ ಹಾಡಲು ಶುರು ಮಾಡಿದರು. ಮೈಕಿನವನಿಗಂತೂ ಹಬ್ಬ.

ಅಲ್ಲಿಂದ ಮುಂದೆ ಜಮೈಕಾದ ಏಳು ಇಂಚಿನ ರೆಕಾರ್ಡ್ ಅಂದರೆ ಒಂದು ಮಗ್ಗುಲಿಗೆ ಹಾಡು, ಇನ್ನೊಂದು ಮಗ್ಗುಲಿಗೆ ‘ವರ್ಶನ್’, ಅಂದರೆ ಹಾಡಿಲ್ಲದ ವಾದ್ಯ ಮಾತ್ರ. ಈ ಮಗ್ಗುಲೇ ಎರಡು ದೊಡ್ಡ ವಿಷಯಗಳಿಗೆ ದಾರಿಯಾಯಿತು. ಒಂದು, ಡೀಜೆಗಳ ಮಾತೇ ರೆಕಾರ್ಡ್ ಆಗಿ ಬಂದದ್ದು. ಯು-ರಾಯ್ 1970ರಲ್ಲಿ ಹಳೆಯ ಹಾಡುಗಳ ವಾದ್ಯದ ಮೇಲೆ ಮಾತಾಡಿ ಮಾಡಿದ ಮೂರು ರೆಕಾರ್ಡುಗಳು ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಮೂರು ಜಾಗಗಳಲ್ಲಿ ಒಟ್ಟಿಗೆ ಕೂತವು. ಇನ್ನೊಂದು, ಡಬ್. ಯು-ರಾಯ್ ಮಾತಾಡುತ್ತಿದ್ದ ಸೌಂಡ್ ಸಿಸ್ಟಮ್ಮಿನ ಒಡೆಯ ಕಿಂಗ್ ಟಬ್ಬಿ ವೃತ್ತಿಯಿಂದ ಎಲೆಕ್ಟ್ರಾನಿಕ್ಸ್ ರಿಪೇರಿಯವರು. ಮಿಕ್ಸಿಂಗ್ ಯಂತ್ರದಲ್ಲೇ ಆಟ ಆಡಿದರು. ಗಿಟಾರ್ ಮಾಯ ಮಾಡಿ ಬೇಸ್ ಒಂದನ್ನೇ ಉಳಿಸುವುದು, ಹಾಡಿನ ಒಂದು ಚೂರನ್ನು ಬಿಟ್ಟು ಪ್ರತಿಧ್ವನಿಯಲ್ಲಿ ಮುಳುಗಿಸುವುದು. ಮೂಲ ಹಾಡನ್ನು ಬಿಚ್ಚಿ ಹೊಸದು ಕಟ್ಟುವ ಈ ಕೈಚಳಕವೇ ಇವತ್ತಿನ ರೀಮಿಕ್ಸುಗಳ ಅಜ್ಜ. ಕಿಂಗ್‌ಸ್ಟನ್ನಿನಲ್ಲಿ ಬೆಳೆದು ನ್ಯೂಯಾರ್ಕಿಗೆ ಹೋದ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಕೂಲ್ ಹರ್ಕ್, 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನಲ್ಲಿ ನಡೆಸಿದ ಪಾರ್ಟಿಯಿಂದ ಹಿಪ್‌ಹಾಪ್ ಲೆಕ್ಕ ಶುರುವಾಗುತ್ತದೆ. ಅದು ಬೇರೆಯೇ ಕಥೆ, ಇಲ್ಲಿಗೆ ಬಿಡೋಣ.

ವರ್ಶನ್ ಹಿಂದೆ ಕಲೆಯೂ ಇದೆ, ಜಿಪುಣತನವೂ ಇದೆ. ಇದನ್ನು ಮುಚ್ಚಿಡಬಾರದು. ಒಂದು ವಾದ್ಯದ ಟ್ರ್ಯಾಕ್, ಅವರ ಮಾತಿನಲ್ಲಿ ‘ರಿದಿಮ್’, ಒಮ್ಮೆ ಕೈಯಲ್ಲಿದ್ದರೆ ಅದರ ಮೇಲೆ ಹತ್ತು ಹಾಡುಗಾರರನ್ನು ಹಾಡಿಸಬಹುದು. ವಾದ್ಯದವರಿಗೆ ಮತ್ತೆ ಕೂಲಿ ಕೊಡಬೇಕಿಲ್ಲ. ಹಾಡುಗಾರರಿಗೂ ಅಷ್ಟೇ, ಎಷ್ಟೋ ಜನಕ್ಕೆ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಕಳಿಸಿದ್ದೇ ಕೊನೆ. ಜಮೈಕಾಕ್ಕೆ ತನ್ನದೇ ಹೊಸ ಕೃತಿಸ್ವಾಮ್ಯ ಕಾನೂನು ಬಂದದ್ದು 1993ರಲ್ಲಿ. ಅಲ್ಲಿಯವರೆಗೆ ನಡೆಯುತ್ತಿದ್ದದ್ದು 1911ರ ಬ್ರಿಟಿಷ್ ಕಾಯ್ದೆ. ಅರವತ್ತು, ಎಪ್ಪತ್ತರ ದಶಕದ ಆ ಚಿನ್ನದಂಥ ಹಾಡುಗಳೆಲ್ಲ ಈ ನಡುವಿನ ಕಾಲದವು. ಬಾಬ್ ಮಾರ್ಲಿಯ ವೇಲರ್ಸ್ ತಂಡ 1966ರ ಹೊತ್ತಿಗೆ ತಮ್ಮದೇ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಮಾಡಿ ರೆಕಾರ್ಡನ್ನು ತಾವೇ ಮಾರಲು ಹೊರಟದ್ದು ಸುಮ್ನೆ ಅಲ್ಲ.

ಲಂಡನ್ನಿಗೆ ಬಂದ ಪೆಟ್ಟಿಗೆ

1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಇಂಗ್ಲೆಂಡಿಗೆ ಬಂದ ಮೇಲೆ ಕೆರಿಬಿಯನ್ ದ್ವೀಪಗಳಿಂದ ಜನ ಕೆಲಸ ಹುಡುಕಿಕೊಂಡು ಬರುತ್ತಲೇ ಇದ್ದರು. ಬಸ್ಸು, ರೈಲು, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಇವರು ಬೇಕು. ಸಂಜೆ ಪಬ್ಬಿಗೆ, ಕ್ಲಬ್ಬಿಗೆ ಹೋದರೆ ಬಾಗಿಲಲ್ಲೇ ತಡೆಯುತ್ತಿದ್ದರು. ಹಾಗಾಗಿ ಮನೆಯ ನೆಲಮಾಳಿಗೆಯಲ್ಲೇ ಪಾರ್ಟಿ. ಇದಕ್ಕೆ ‘ಬ್ಲೂಸ್’ ಅಂತ ಹೆಸರು. ಕುರ್ಚಿ ಮೇಜು ಹೊರಗೆ, ಸ್ಪೀಕರ್ ಒಳಗೆ, ಬಾಗಿಲಲ್ಲಿ ಚಿಲ್ಲರೆ ಕಾಸು. 1954ರಲ್ಲಿ ಟಿಕೆಟ್ ಇಲ್ಲದೆ ಹಡಗಿನಲ್ಲಿ ಅಡಗಿಕೊಂಡು ಬಂದ ಡ್ಯೂಕ್ ವಿನ್, ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಬ್ರಿಟನ್ನಿನ ಮೊದಲ ಸೌಂಡ್ ಸಿಸ್ಟಮ್ ಕಟ್ಟಿದರು.

ಇವರಿಗೆಲ್ಲ ರೆಕಾರ್ಡ್ ಬೇಕಿತ್ತಲ್ಲ. ಮೊದಮೊದಲು ಕ್ಷೌರದಂಗಡಿ, ದಿನಸಿ ಅಂಗಡಿಗಳಲ್ಲೇ ಒಂದು ಪೆಟ್ಟಿಗೆ ಇಟ್ಟು ಮಾರುತ್ತಿದ್ದರು. ಇದನ್ನು ದೊಡ್ಡ ವ್ಯಾಪಾರ ಮಾಡಿದವರಲ್ಲಿ ಒಬ್ಬರು ಲೀ ಗೋಪ್ತಾಲ್. ಹೆಸರು ಕೇಳಿದರೇ ಗೊತ್ತಾಗುತ್ತದೆ, ಭಾರತದ ಬೇರು. ಕಬ್ಬಿನ ತೋಟಗಳ ಗುತ್ತಿಗೆ ಕೂಲಿಗಾಗಿ 1845ರಿಂದ ಜಮೈಕಾಕ್ಕೆ ಭಾರತೀಯರನ್ನು ಒಯ್ಯುತ್ತಿದ್ದರು. ಅಲ್ಲಿ ನೆಲೆಸಿದ ಭಾರತೀಯ ಮೂಲದ ಕುಟುಂಬದವರು ಗೋಪ್ತಾಲ್. ಲಂಡನ್ನಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ ಇವರು ಕಿಲ್ಬರ್ನ್‌ನ ತಮ್ಮ ಕಟ್ಟಡದ ಜಾಗವನ್ನು ಐಲ್ಯಾಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್‌ಗೆ ಬಾಡಿಗೆ ಕೊಟ್ಟರು. ಬಾಡಿಗೆಯ ಪರಿಚಯ ವ್ಯಾಪಾರವಾಯಿತು. 1968ರಲ್ಲಿ ಇಬ್ಬರ ಟ್ರೋಜನ್ ರೆಕಾರ್ಡ್ಸ್ ಕಂಪನಿ ಶುರುವಾಯಿತು. ಡ್ಯೂಕ್ ರೀಡ್ ಸ್ಪೀಕರ್ ಹೊತ್ತು ತಿರುಗುತ್ತಿದ್ದ ಲಾರಿಯ ಹೆಸರೇ ಟ್ರೋಜನ್. ಮ್ಯೂಸಿಕ್ ಸಿಟಿ ಅನ್ನುವ ಹೆಸರಿನ ಅಂಗಡಿಗಳ ಸಾಲನ್ನೂ ಗೋಪ್ತಾಲ್ ನಡೆಸಿದರು. ನಮ್ಮಲ್ಲಿ ಈ ಮನುಷ್ಯನ ಹೆಸರು ಯಾರಿಗೂ ಗೊತ್ತಿಲ್ಲದಿರುವುದು ನನಗಂತೂ ಆಶ್ಚರ್ಯ.

ಈಗ ಆ ಖಾಲಿ ಲೇಬಲ್ಲಿಗೆ ಬರೋಣ. ಜಮೈಕಾದ ಹಾಡು ಇಂಗ್ಲೆಂಡಿನಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲು ಸಮಯ ಹಿಡಿಯುತ್ತಿತ್ತು. ಹಕ್ಕು ಕೊಳ್ಳಬೇಕು, ಇಲ್ಲಿ ಮತ್ತೆ ಅಚ್ಚು ಹಾಕಬೇಕು. ಅದಕ್ಕೂ ಮೊದಲೇ ಕಿಂಗ್‌ಸ್ಟನ್ನಿನಿಂದ ನೇರ ಬರುತ್ತಿದ್ದ ಪ್ರತಿಗಳಿಗೆ ‘ಪ್ರೀ’ ಅನ್ನುತ್ತಿದ್ದರು, ಅಂದರೆ ಬಿಡುಗಡೆಗೆ ಮುಂಚಿನದು. ಮೊದಲ ಕಂತಿನ ರೆಕಾರ್ಡುಗಳಿಗೆ ಎಷ್ಟೋ ಸಲ ಲೇಬಲ್ ಅಚ್ಚಾಗಿಯೇ ಇರುತ್ತಿರಲಿಲ್ಲ. ಇನ್ನು ಕೆಲವು ಸಲ ಬೇಕೆಂದೇ ಖಾಲಿ ಬಿಡುತ್ತಿದ್ದರು. ಹೆಸರಿಲ್ಲದಿದ್ದರೆ ಎದುರಾಳಿಗೆ ಸುಳಿವಿಲ್ಲ, ಲೆಕ್ಕ ಕೇಳುವವರಿಗೂ ಸುಳಿವಿಲ್ಲ. ಕಾರಣ ಏನೇ ಇರಲಿ, ಕೊಳ್ಳುವವನಿಗೆ ಖಾಲಿ ಲೇಬಲ್ ಅಂದರೆ ಇದು ತಾಜಾ ಮಾಲು, ಊರಿನಲ್ಲಿ ಕೆಲವರ ಹತ್ತಿರ ಮಾತ್ರ ಇದೆ ಅನ್ನುವ ಗುರುತು. ಅದಕ್ಕೇ ಆ ಬೆಲೆ.

ಈ ಗುರುತಿನ ಶಕ್ತಿ ಎಷ್ಟಿತ್ತೆಂದರೆ, ಲಂಡನ್ನಿನಲ್ಲೇ ಹಾಡು ಮಾಡುತ್ತಿದ್ದವರು ಅದನ್ನು ಖಾಲಿ ಲೇಬಲ್ಲಿನಲ್ಲಿ ಬಿಡುತ್ತಿದ್ದರು. ಹೆಸರು ಹಾಕಿದರೆ ‘ಇದು ಇಂಗ್ಲೆಂಡಿನದು, ಅಸಲಿ ಅಲ್ಲ’ ಅಂತ ಜನ ಮೂಗು ಮುರಿಯುತ್ತಿದ್ದರು. ಹೆಸರಿಲ್ಲದಿದ್ದರೆ ಜಮೈಕಾದ್ದು ಅಂದುಕೊಂಡು ಕೊಳ್ಳುತ್ತಿದ್ದರು. ಬಾರ್ಬಡೋಸ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ಡೆನಿಸ್ ಬೊವೆಲ್ ಈ ಉಪಾಯ ಮಾಡಿದ್ದನ್ನು ಮುಂದೆ ನಗುತ್ತಾ ಹೇಳಿಕೊಂಡಿದ್ದಾರೆ. ಕೇಳುವ ಕಿವಿಗಿಂತ ನೋಡುವ ಕಣ್ಣೇ ಮೊದಲು ತೀರ್ಪು ಕೊಡುತ್ತಿತ್ತು, ಅಲ್ವಾ!

ಅಂಗಡಿಗೆ ಬರುವುದಕ್ಕೂ ಮುಂಚೆ ಇನ್ನೊಂದು ಹಂತ ಇತ್ತು. ಅದು ಡಬ್‌ಪ್ಲೇಟ್. ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆದುವಾದ ಲ್ಯಾಕರ್ ಪದರ. ಸಾಮಾನ್ಯವಾಗಿ ಹತ್ತು ಇಂಚು. ಲೇತ್ ಯಂತ್ರದಲ್ಲಿ ಟೇಪಿನ ಹಾಡನ್ನು ನೇರವಾಗಿ ಅದರ ಮೇಲೆ ಕೊರೆಯುತ್ತಾರೆ. ವಿನೈಲಿನಷ್ಟು ಗಟ್ಟಿ ಅಲ್ಲ. ಪ್ರತಿ ಸಲ ಮುಳ್ಳು ಓಡಿದಾಗಲೂ ಸ್ವಲ್ಪ ಸವೆಯುತ್ತದೆ. ಹತ್ತಾರು ಸಲ ಹಾಕುವಷ್ಟರಲ್ಲಿ ಮೇಲಿನ ದನಿ ಮಂಕಾಗುತ್ತದೆ, ಕರಕರ ಶುರುವಾಗುತ್ತದೆ. ಆದರೆ ಸೌಂಡ್ ಸಿಸ್ಟಮ್ಮಿನವನಿಗೆ ಅದು ಲೆಕ್ಕಕ್ಕಿಲ್ಲ. ಈ ಮಿಕ್ಸ್ ನನ್ನ ಹತ್ತಿರ ಮಾತ್ರ ಇದೆ ಅನ್ನುವುದೇ ಮುಖ್ಯ. ಕೆಲವರು ಹಾಡುಗಾರರಿಂದ ತಮ್ಮ ಸೌಂಡ್ ಸಿಸ್ಟಮ್ಮಿನ ಹೆಸರನ್ನೇ ಸೇರಿಸಿ ಹಾಡಿಸಿಕೊಳ್ಳುತ್ತಿದ್ದರು. ಎರಡು ಸೌಂಡ್ ಸಿಸ್ಟಮ್ಮುಗಳು ಒಂದೇ ಹಾಲಿನಲ್ಲಿ ಎದುರುಬದುರು ನಿಂತು ಪಂದ್ಯ ಕಟ್ಟಿದಾಗ, ಅಂದರೆ ‘ಕ್ಲಾಷ್’ ಆದಾಗ, ಇವೇ ಬಾಣಗಳು. ಜನ ಮೆಚ್ಚಿದರೆ ಕೂಗು, ಸೀಟಿ, ಗೋಡೆಗೆ ಬಡಿತ. ಆಗ ಸೆಲೆಕ್ಟರ್ ಮುಳ್ಳು ಎತ್ತಿ ಹಾಡನ್ನು ಮೊದಲಿನಿಂದ ಹಾಕಬೇಕು. ನ್ಯೂ ಕ್ರಾಸ್ ಕಡೆಯ ಜಾ ಶಾಕಾ ಒಂದೇ ಟರ್ನ್‌ಟೇಬಲ್ ಇಟ್ಟುಕೊಂಡು ಇಡೀ ರಾತ್ರಿ ಹೀಗೆ ನಡೆಸುತ್ತಿದ್ದರು. 2023ರಲ್ಲಿ ತೀರಿಕೊಳ್ಳುವವರೆಗೂ ಅವರ ರೀತಿ ಬದಲಾಗಲಿಲ್ಲ.

ಹಾಗಾಗಿ ಹಾಡಿನ ದಾರಿ ಹೀಗಿತ್ತು. ಮೊದಲು ಒಂದಿಬ್ಬರ ಡಬ್‌ಪ್ಲೇಟ್. ತಿಂಗಳುಗಟ್ಟಲೆ ಅದು ಡ್ಯಾನ್ಸಿನಲ್ಲಿ ಮಾತ್ರ. ಆಮೇಲೆ ಖಾಲಿ ಲೇಬಲ್ಲಿನ ಪ್ರೀ. ಕೊನೆಗೆ ಹೆಸರು ಹಾಕಿದ ಬ್ರಿಟಿಷ್ ಅಚ್ಚು. ಅಷ್ಟರಲ್ಲಿ ಸೌಂಡ್ ಸಿಸ್ಟಮ್ಮಿನವರು ಅದನ್ನು ಬಿಟ್ಟು ಮುಂದಕ್ಕೆ ಹೋಗಿರುತ್ತಿದ್ದರು. ಇದರಿಂದ ಕೌಂಟರಿನವನ ಕೆಲಸ ಕಷ್ಟದ್ದು. ರಾತ್ರಿ ಡ್ಯಾನ್ಸಿನಲ್ಲಿ ಕೇಳಿದ್ದು ಬೇಕು ಅಂತ ಜನ ಬರುತ್ತಾರೆ. ಹೆಸರು ಗೊತ್ತಿಲ್ಲ. ಬೇಸ್ ಸಾಲನ್ನು ಬಾಯಲ್ಲೇ ‘ದುಂ ದುಂ’ ಅಂತ ಹಾಡಿ ತೋರಿಸುತ್ತಾರೆ. ಅಷ್ಟರಿಂದಲೇ ಅವನು ಪತ್ತೆ ಹಚ್ಚಬೇಕು. ಯಾವ ಸೆಲೆಕ್ಟರ್‌ಗೆ ಯಾವುದು ಹಿಡಿಸುತ್ತದೆ ಅನ್ನುವುದೂ ಅವನಿಗೆ ಗೊತ್ತು. ಪೆಟ್ಟಿಗೆ ಬಂದ ದಿನ ಕೆಲವು ಪ್ರತಿಗಳು ಕೌಂಟರಿನ ಮೇಲಕ್ಕೆ ಬರುತ್ತಲೇ ಇರಲಿಲ್ಲ, ಕೆಳಗೇ ಉಳಿಯುತ್ತಿದ್ದವು, ಖಾಯಂ ಗಿರಾಕಿಗೆ ಅಂತ. ಹೊಸಬರಿಗೆ ಆ ಅಂಗಡಿಗಳು ಸ್ವಲ್ಪ ಭಯ ಹುಟ್ಟಿಸುತ್ತಿದ್ದದ್ದು ಇದೇ ಕಾರಣಕ್ಕೆ. ದುಡ್ಡಿದ್ದರೆ ಸಾಲದು, ಮುಖ ಪರಿಚಯ ಬೇಕಿತ್ತು.

ಒಂದೊಂದು ಅಂಗಡಿಯ ಗುಣ ಒಂದೊಂದು. ಶೆಫರ್ಡ್ಸ್ ಬುಷ್ ಕಡೆಯ ಪೆಕಿಂಗ್ಸ್ ಅಂಗಡಿಯನ್ನು 1974ರಲ್ಲಿ ತೆರೆದ ಜಾರ್ಜ್ ಪ್ರೈಸ್, ಕಾಕ್ಸನ್ ಡಾಡ್‌ರ ಹಳೆಯ ಸ್ನೇಹಿತರು. ಹಾಗಾಗಿ ಡಾಡ್‌ರ ಸ್ಟುಡಿಯೋ ಒನ್ ರೆಕಾರ್ಡುಗಳಿಗೆ ಅದೇ ಜಾಗ. ಅವರ ನಂತರ ಮಕ್ಕಳು ವಹಿಸಿಕೊಂಡರು. ಡಬ್ ವೆಂಡರ್ 1976ರಲ್ಲಿ ಕ್ಲ್ಯಾಪಮ್ ಜಂಕ್ಷನ್‌ನ ಸಂತೆಯಲ್ಲಿ ಒಂದು ಗೂಡಂಗಡಿಯಾಗಿ ಶುರುವಾಗಿ ಬೆಳೆಯಿತು. ಗ್ರೀನ್‌ಸ್ಲೀವ್ಸ್ ವೆಸ್ಟ್ ಈಲಿಂಗ್‌ನ ಅಂಗಡಿಯಿಂದ 1977ರಲ್ಲಿ ಲೇಬಲ್ ಆಯಿತು. ಸೋಹೋದ ಡ್ಯಾಡಿ ಕೂಲ್‌ಗೆ ಬಿಳಿಯ ಹುಡುಗರೂ ಬರುತ್ತಿದ್ದರು. ಪಂಕ್ ಅನ್ನುವ ಒರಟು ರಾಕ್ ಸಂಗೀತದ ಕಾಲ ಅದು. ರಾಕ್ಸಿ ಕ್ಲಬ್ಬಿನಲ್ಲಿ ಡಿಜೆ ಆಗಿದ್ದ ಡಾನ್ ಲೆಟ್ಸ್ ಬ್ಯಾಂಡುಗಳ ನಡುವೆ ರೆಗೇ ಹಾಕುತ್ತಿದ್ದರು. ಕಾರಣ ಸರಳ. ಹಾಕಲು ಪಂಕ್ ರೆಕಾರ್ಡುಗಳೇ ಇನ್ನೂ ಹೆಚ್ಚು ಬಂದಿರಲಿಲ್ಲ.

ಲೆಕ್ಕಕ್ಕೆ ಬಾರದ ಮಾರಾಟ

ಇಷ್ಟೆಲ್ಲ ಮಾರಾಟವಾದರೂ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ರೆಗೇ ಅಪರೂಪಕ್ಕೆ ಕಾಣುತ್ತಿತ್ತು. ಆ ಪಟ್ಟಿಯನ್ನು ಆಯ್ದ ಅಂಗಡಿಗಳ ಲೆಕ್ಕದಿಂದ ಮಾಡುತ್ತಿದ್ದರು. ರೆಗೇ ಅಂಗಡಿಗಳು ಬಹುಪಾಲು ಅದರಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲವೆಂದು ರೇಡಿಯೋದವರು ಹಾಕುವುದಿಲ್ಲ, ರೇಡಿಯೋದಲ್ಲಿ ಬಾರದ ಕಾರಣ ಪಟ್ಟಿಗೆ ಬರುವುದಿಲ್ಲ. ಈ ಬೇಲಿ ಹಾರಿದ ಹಾಡುಗಳಲ್ಲಿ ಒಂದು, ಬೊವೆಲ್ ಮಾಡಿ ಜಾನೆಟ್ ಕೇ ಹಾಡಿದ ‘ಸಿಲ್ಲಿ ಗೇಮ್ಸ್’. 1979ರಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಲವರ್ಸ್ ರಾಕ್ ಅನ್ನುವ ಈ ಮೆದುವಾದ ಪ್ರೇಮಗೀತೆಯ ಬಗೆ ಲಂಡನ್ನಿನದೇ ಹುಟ್ಟು.

ರೇಡಿಯೋದಲ್ಲಿ ವಾರಕ್ಕೊಮ್ಮೆ ಡೇವಿಡ್ ರೋಡಿಗನ್ ಅಂಥವರ ಕಾರ್ಯಕ್ರಮ ಇತ್ತು. ಅದನ್ನು ಟೇಪ್ ಮಾಡಿಕೊಳ್ಳಲು ಹುಡುಗರು ಕಾಯುತ್ತಿದ್ದರು. ಅದು ಸಾಲದೆ ಎಂಬತ್ತರ ದಶಕದ ಆರಂಭದಲ್ಲಿ ಡ್ರೆಡ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಅಂತ, ಬಿಬಿಸಿಯನ್ನು ಅಣಕಿಸುವ ಹೆಸರಿನ, ಪರವಾನಗಿ ಇಲ್ಲದ ಕೇಂದ್ರವೇ ಬಂತು.

ಪೊಲೀಸರ ಕಾಟ ಬೇರೆ. 1974ರಲ್ಲಿ ಕ್ರಿಕಲ್‌ವುಡ್‌ನ ಕರಿಬ್ ಕ್ಲಬ್ಬಿನಲ್ಲಿ ಕ್ಲಾಷ್ ನಡೆಯುತ್ತಿದ್ದಾಗ ಪೊಲೀಸರು ಒಳನುಗ್ಗಿದರು, ಗಲಾಟೆಯಾಯಿತು. ಆ ರಾತ್ರಿ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ಬೊವೆಲ್ ಮೇಲೆ ಕೇಸು ಬಿತ್ತು. ಮೇಲ್ಮನವಿಯಲ್ಲಿ ಬಿಡುಗಡೆಯಾಗುವ ಮೊದಲು ಆರು ತಿಂಗಳು ಜೈಲಿನಲ್ಲಿದ್ದರು.

1985ರಲ್ಲಿ ಜಮೈಕಾದ ರೆಕಾರ್ಡ್ ನಿರ್ಮಾಪಕ ಕಿಂಗ್ ಜ್ಯಾಮಿ, ವೇಯ್ನ್ ಸ್ಮಿ‌ತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಬಿಟ್ಟರು. ಅದರ ರಿದಿಮ್ ಬಂದದ್ದು ಕ್ಯಾಸಿಯೋ ಕಂಪನಿಯ ಪುಟ್ಟ ಕೀಬೋರ್ಡಿನ ಒಳಗೇ ಇದ್ದ ತಾಳದಿಂದ. ವಾದ್ಯದವರ ತಂಡವೇ ಬೇಕಿಲ್ಲ ಅಂತ ಆಯಿತು. ರೆಕಾರ್ಡುಗಳ ಸುರಿಮಳೆ ಶುರುವಾಯಿತು. ಅಂಗಡಿಗಳಿಗೆ ಅದು ಸುಗ್ಗಿ. ಅದೇ ಹೊತ್ತಿಗೆ ಲಂಡನ್ನಿನ ಸ್ಯಾಕ್ಸನ್ ಸೌಂಡ್ ಸಿಸ್ಟಮ್ಮಿನ ಹುಡುಗರು ಉಸಿರು ಬಿಡದೆ ವೇಗವಾಗಿ ಮಾತು ಪೋಣಿಸುವ ಹೊಸ ರೀತಿ ತಂದರು. ಅವರಲ್ಲಿ ಪಾಪಾ ಲೀವೈ ಹಾಡಿದ್ದು 1984ರಲ್ಲಿ ಜಮೈಕಾದಲ್ಲೇ ಮೊದಲ ಸ್ಥಾನ ಪಡೆಯಿತು. ಇಂಗ್ಲೆಂಡಿನದು ಅಸಲಿ ಅಲ್ಲ ಅನ್ನುತ್ತಿದ್ದವರಿಗೆ ಅದು ಉತ್ತರ. ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್‌ನಲ್ಲಿ ಕಪ್ಪು ಜನರ ನಡುವೆ ಬೆಳೆದ ಪಂಜಾಬಿ ಹುಡುಗ ಸ್ಟೀವನ್ ಕಪೂರ್ ಕೂಡ ಸೌಂಡ್ ಸಿಸ್ಟಮ್ಮಿನಿಂದಲೇ ಬಂದವನು. ಅಪಾಚೆ ಇಂಡಿಯನ್ ಅನ್ನುವ ಹೆಸರಿನಲ್ಲಿ ಅವನು 1990ರಲ್ಲಿ ಬಿಟ್ಟ ಮೊದಲ ರೆಕಾರ್ಡ್ ರೆಗೇ ಅಂಗಡಿಯಲ್ಲೂ ಓಡಿತು, ಭಾಂಗ್ರಾ ಕ್ಯಾಸೆಟ್ ಮಾರುವ ಅಂಗಡಿಯಲ್ಲೂ ಓಡಿತು. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಚಾನೆಲ್ ವಿ, ಎಂಟಿವಿ ನೋಡಿದವರಿಗೆ ಅವನ ಮುಖ ನೆನಪಿರುತ್ತದೆ.

ಆಮೇಲೆ ಸಿಡಿ, ಅದರ ಹಿಂದೆ ಎಂಪಿ3. ಡಬ್‌ಪ್ಲೇಟ್ ಈಗ ಈಮೇಲಿನಲ್ಲಿ ಬರುವ ಫೈಲ್. ಎಲ್ಲರಿಗೂ ಎಲ್ಲವೂ ಅದೇ ದಿನ ಸಿಗುತ್ತದೆ. ಕಾಯುವುದು ಹೋದ ಮೇಲೆ ಕಾಯಲು ನಿಲ್ಲುತ್ತಿದ್ದ ಜಾಗಕ್ಕೆ ಕೆಲಸ ಉಳಿಯಲಿಲ್ಲ. ಲಂಡನ್ನಿನ ಹೆಚ್ಚಿನ ಅಂಗಡಿಗಳು ಮುಚ್ಚಿದವು. ಚಿನ್ ದಂಪತಿಯ ಕುಟುಂಬ ಎಪ್ಪತ್ತರ ದಶಕದಲ್ಲೇ ನ್ಯೂಯಾರ್ಕಿಗೆ ಹೋಗಿ 1979ರಲ್ಲಿ ವಿಪಿ ರೆಕಾರ್ಡ್ಸ್ ಶುರು ಮಾಡಿತ್ತು. ಜೂಕ್‌ಬಾಕ್ಸಿನ ಹಳೆಯ ರೆಕಾರ್ಡ್ ಮಾರುತ್ತಿದ್ದವರ ಆ ಕಂಪನಿ 2008ರಲ್ಲಿ ಲಂಡನ್ನಿನ ಗ್ರೀನ್‌ಸ್ಲೀವ್ಸನ್ನೇ ಕೊಂಡುಕೊಂಡಿತು. ಸೌಂಡ್ ಸಿಸ್ಟಮ್ಮುಗಳು ಮಾತ್ರ ಸತ್ತಿಲ್ಲ. ಆಗಸ್ಟ್ ಕೊನೆಯಲ್ಲಿ ನಾಟಿಂಗ್ ಹಿಲ್ ಕಾರ್ನಿವಲ್ಲಿನ ಬೀದಿಗಳಲ್ಲಿ ಈಗಲೂ ಪೆಟ್ಟಿಗೆಗಳು ಏಳುತ್ತವೆ. ದೆಹಲಿಯಲ್ಲಿ ರೆಗೇ ರಾಜಾಸ್ ತಂಡ ಇದೆ, ಗೋವಾದಲ್ಲಿ ಸನ್‌ಸ್ಪ್ಲಾಶ್ ಉತ್ಸವ ನಡೆದಿದೆ. ಫೋನಿನ ಸ್ಪೀಕರಿನಲ್ಲಿ ರೆಗೇ ಕೇಳಿ ‘ಇದರಲ್ಲೇನಿದೆ’ ಅನ್ನುವವರು ಒಮ್ಮೆ ಅಂಥ ಕಡೆ ಹೋಗಬೇಕು. ಬೇಸ್ ಎದೆಗೂಡಿಗೆ ತಾಗದಿದ್ದರೆ ಅರ್ಧ ಹಾಡು ಕೇಳಿದ ಹಾಗೆ.

ಅಷ್ಟು ದೂರ ಆಗದಿದ್ದರೆ ಮನೆಯಲ್ಲೇ ಒಂದು ಕೆಲಸ ಮಾಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮೊದಲು ಸ್ಟುಡಿಯೋ ಒನ್‌ನ ‘ರಿಯಲ್ ರಾಕ್’ ಕೇಳಿ. ಸೌಂಡ್ ಡೈಮೆನ್ಷನ್ ಅನ್ನುವ ತಂಡ ಅರವತ್ತರ ದಶಕದಲ್ಲಿ ನುಡಿಸಿದ್ದು, ಹಾಡಿಲ್ಲ. ಆಮೇಲೆ ವಿಲ್ಲಿ ವಿಲಿಯಮ್ಸ್ ಹಾಡಿದ ‘ಅರ್ಮಗಿಡಿಯನ್ ಟೈಮ್’ ಕೇಳಿ. ಸುಮಾರು ಹತ್ತು ವರ್ಷ ಕಳೆದ ಮೇಲೆ ಅದೇ ರಿದಿಮ್ಮಿನ ಮೇಲೆ ಬಂದ ಹಾಡು. ಮೂರನೆಯದು, ಅದೇ ಹಾಡನ್ನು ಲಂಡನ್ನಿನ ಪಂಕ್ ತಂಡ ದ ಕ್ಲಾಷ್ 1979ರಲ್ಲಿ ಹಾಡಿದ್ದು. ಮೂರರಲ್ಲೂ ಬೇಸ್ ಸಾಲನ್ನು ಮಾತ್ರ ಹಿಡಿದು ಕೂತರೆ ಸಾಕು. ಅಂದ ಹಾಗೆ, ದ ಕ್ಲಾಷ್ ತಂಡ ಅದನ್ನು ರೆಕಾರ್ಡಿನ ಎರಡನೇ ಮಗ್ಗುಲಿಗೆ ಹಾಕಿತ್ತು. ಹನ್ನೆರಡು ಇಂಚಿನ ಪ್ರತಿಯಲ್ಲಿ ಅದರ ಡಬ್ ವರ್ಶನ್ನೂ ಇತ್ತು.